ರಾಕ್ಷಸನ ಊಟದ ಹೊತ್ತು

ಚನ್ನರಾಯಪಟ್ಟಣದ ಪುಸ್ತಕದಂಗಡಿ ಆದಿರಾಜಯ್ಯನವರು ತಾವು ಓದಿ ನೋಡದ ಸಾಮಾನನ್ನು ಮಾರಿದವರೇ ಅಲ್ಲ. 2005ರಲ್ಲಿ ಕಾರ್ಡಿನಾಟದ ಪೊಟ್ಟಣಗಳು ಬಂದಾಗಲೂ ಕನ್ನಡಕ ಏರಿಸಿ ಒಂದೊಂದನ್ನೇ ಓದಿದರು.

ಒಂದು ಸಂಜೆ ಮೊಮ್ಮಗಳು ತ್ರಿಷಾ ರಾಕ್ಷಸನ ಕಾರ್ಡು ಹಿಡಿದು ಬಂದಳು. ಆ ರಾಕ್ಷಸ ಸರದಿಗೊಮ್ಮೆ ಎದುರಾಳಿಯ ಒಂದು ಕಾರ್ಡು ತಿನ್ನಬಹುದು. 'ರಾತ್ರಿ' ಕಾರ್ಡು ಬಿದ್ದರೆ ಅವನ ಬಲ ಎರಡರಷ್ಟು.

"ಹಂಗಾದ್ರೆ ರಾತ್ರಿ ಎರಡು ತಿಂತಾನಾ ತಾತ?"

ಆದಿರಾಜಯ್ಯನವರು ಸಣ್ಣಕ್ಷರಗಳನ್ನು ಬೆಳಕಿಗೆ ಹಿಡಿದು ಮೂರು ಸಲ ಓದಿದರು.

"ಬಲ ಅಂತ ಬರ್ದವ್ರೆ, ಹೊಟ್ಟೆ ಅಂತ ಬರ್ದಿಲ್ಲ ಕಣಮ್ಮ. ತಿನ್ನೋದು ಒಂದೇ." ಕಾರ್ಡು ಕೊಡಲು ಹೋದವರು ಮತ್ತೆ ಕೈ ಹಿಂದೆಳೆದರು. "ಅದೂ ಹೊತ್ತು ಮುಳುಗೋಕೆ ಮುಂಚೆ. ಕತ್ತಲಾದ್ಮೇಲೆ ನಮ್ಮ ಜೈನರ ಮನೇಲಿ ಯಾರು ಉಣ್ತಾರೆ?"

ಅಂದಿನಿಂದ ಆ ಬೀದಿಯ ಮಕ್ಕಳೆಲ್ಲ 'ರಾತ್ರಿ' ಕಾರ್ಡು ಇಳಿಸುವ ಮೊದಲು ರಾಕ್ಷಸನಿಗೆ ಉಣ್ಣಿಸಿಬಿಡುತ್ತಿದ್ದರು.