ಎಡಗೈಯ ಕುಲಾವಿ

ಕಳೆದ ವಾರ ಕೊಪ್ಪಳದ ಬಜಾರಿನಲ್ಲಿ ಅಂಗಡಿಯವನು ನನ್ನೆದುರೇ ಹೊಸ ದಾರದ ಡಬ್ಬಿ ಒಡೆದ. ಬಿಳಿ ಹತ್ತಿ ದಾರದ ಉಂಡೆಗಳು. ಆ ವಾಸನೆಯನ್ನು ಹೇಗೆ ಹೇಳಲಿ... ಗಂಜಿ ಹಾಕಿದ ಹೊಸ ಲಂಗಕ್ಕೆ ತುಸು ಸೀಮೆಎಣ್ಣೆ ತಾಗಿದಂತೆ. ಬಾಜೂಮನೆಯ ಕಾಕು ನೆನಪಾಗಿಬಿಟ್ಟರು. ಏನು ಕೊಳ್ಳಲು ಹೋಗಿದ್ದೆನೋ ಅದನ್ನೇ ಮರೆತು, ಬೇಡದ ನಾಲ್ಕು ಉಂಡೆ ಹಿಡಿದು ಮನೆಗೆ ಬಂದೆ.

ಹನುಮಸಾಗರದಲ್ಲಿ ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದೇ ಗೋಡೆ. ಅಣ್ಣನಿಗೆ ಗಂಡುಮಗು ಹುಟ್ಟಿದಾಗ ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿಗೆ ಕುಲಾವಿ ತರಬೇಕು. ಇದ್ದವಳೊಬ್ಬಳೇ ಅತ್ತೆ, ನಾನು. ಪೇಟೆಯ ಟೊಪ್ಪಿಗೆ ತಂದಿದ್ದರೆ ಮುಗಿಯುತ್ತಿತ್ತು. ಸುಮ್ಮನಿರಲಾರದೆ, ನಾನೇ ಕ್ರೋಶಾದಲ್ಲಿ ಹೆಣೆದು ತರುತ್ತೇನೆಂದು ಅತ್ತಿಗೆಯ ಮುಂದೆ ಜಂಬ ಕೊಚ್ಚಿದೆ. ಕ್ರೋಶಾ ಕಡ್ಡಿ ಹಿಡಿಯುವುದು ಹೇಗೆಂದೂ ಗೊತ್ತಿರಲಿಲ್ಲ. ಉಳಿದದ್ದು ಇಪ್ಪತ್ತೇ ದಿನ.

ಓಣಿಯಲ್ಲಿ ಅದು ಬರುತ್ತಿದ್ದುದು ಕಾಕು ಒಬ್ಬರಿಗೇ. ಅವರು ಬಾಗಿಲನ್ನು ಅರ್ಧ ಮುಚ್ಚಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದರು. ಕುಣಿಕೆಗಳ ಮೊದಲ ಸರಪಳಿಯನ್ನು ನಾನು ಎಷ್ಟು ಬಿಗಿಯಾಗಿ ಎಳೆದಿದ್ದೆನೆಂದರೆ ಎರಡನೆಯ ಸಾಲಿಗೆ ಕಡ್ಡಿ ಒಳಗೇ ಹೋಗಲಿಲ್ಲ.

“ಸಡ್ಲ ಬಿಡವಾ. ದಾರ ಏನ್ ಓಡಿ ಹೋಗತೈತೇನು?” ಎಂದರು. ದಪ್ಪ ಕಡ್ಡಿ ಕೊಟ್ಟು ಮೊದಲಿನಿಂದ ಹಾಕಿಸಿದರು.

ಆಮೇಲೆ ಸುತ್ತು. ಕುಣಿಕೆಗೆ ಕಾಕು ಕಣ್ಣು ಅನ್ನುತ್ತಿದ್ದರು. ಕಣ್ಣು ಹೆಚ್ಚಿಸಿದರೆ ನನ್ನ ಕುಲಾವಿ ಲಂಗದ ಅಂಚಿನಂತೆ ನಿರಿಗೆ ನಿರಿಗೆಯಾಗುತ್ತಿತ್ತು; ಹೆಚ್ಚಿಸದಿದ್ದರೆ ಲಿಂಬೆಹಣ್ಣಿಗೆ ಸರಿಹೋಗುವಷ್ಟು ಬಟ್ಟಲು. ಕೂಸಿನ ನೆತ್ತಿಯಷ್ಟು ಅಗಲವಾಗುವವರೆಗೆ ಹೆಚ್ಚಿಸು, ಆಮೇಲೆ ಒಂದಕ್ಕೆ ಒಂದು ಹಾಕುತ್ತ ಹೋಗು ಎಂದು ಎಷ್ಟು ಹೇಳಿದರೂ ನನ್ನ ಲೆಕ್ಕ ತಪ್ಪುತ್ತಿತ್ತು. ಸುತ್ತು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು... ತಲೆ ಗಿರ್ ಅನ್ನುತ್ತಿತ್ತು. ಕಾಕು ತಮ್ಮ ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ತೆಗೆದು ಸುತ್ತಿನ ಮೊದಲ ಕಣ್ಣಿಗೆ ಚುಚ್ಚಿದರು. ಪಿನ್ನಿಗೆ ಬಂದರೆ ಸುತ್ತು ಮುಗಿದಂತೆ. ಅಷ್ಟೇ ನೋಡಿ, ಅಷ್ಟು ಸಣ್ಣದಕ್ಕೆ ನಾನು ಎರಡು ದಿನ ಅತ್ತಿದ್ದೆ. ತಪ್ಪಿದ್ದನ್ನು ಬಿಚ್ಚುವಾಗ ಅವರಿಗೆ ಒಂದಿಷ್ಟೂ ಬೇಜಾರಿರಲಿಲ್ಲ.

ಕಾಕು ಎಡಚಿ. ಮದುವೆಯಾಗಿ ಬಂದ ಹೊಸತರಲ್ಲಿ ಎಡಗೈಯಲ್ಲಿ ರೊಟ್ಟಿ ಬಡಿದರೆಂದು ಅವರ ಅತ್ತೆ ಅಷ್ಟೂ ರೊಟ್ಟಿಯನ್ನು ಎಮ್ಮೆಗೆ ಹಾಕಿದ್ದರಂತೆ. ಅಂದಿನಿಂದ ನಾಲ್ಕು ಜನರ ಮುಂದೆ ಎಲ್ಲವೂ ಬಲಗೈಯಲ್ಲೇ. ಕ್ರೋಶಾ ಮಾತ್ರ ಎಡಗೈಯಲ್ಲಿ, ಅರ್ಧ ಮುಚ್ಚಿದ ಬಾಗಿಲ ಹಿಂದೆ. ಪಕ್ಕದಲ್ಲಿ ಕೂತು ನೋಡಿದ ನಾನೂ ಕಡ್ಡಿಯನ್ನು ಎಡಗೈಯಲ್ಲೇ ಹಿಡಿದೆ. ಊಟ, ಬರಹ ಎಲ್ಲ ಬಲಗೈಯಲ್ಲಿ ಮಾಡುವ ನಾನು, ಕ್ರೋಶಾ ಅಂದರೇನೇ ಎಡಗೈಯ ಕೆಲಸ ಎಂದು ತಿಳಿದಿದ್ದೆ! ದಡ್ಡಿ ಅಂದರೆ ದಡ್ಡಿ.

ತೊಟ್ಟಿಲು ಅತ್ತಿಗೆಯ ತವರು ಯಲಬುರ್ಗಾದಲ್ಲಿ. ಓಣಿಯ ಹೆಂಗಸರೆಲ್ಲ ಟಂಟಂ ಹತ್ತಿ ಹೋದೆವು, ಕಾಕುವೂ ಬಂದರು. ಕುಲಾವಿಯ ಕೊನೆಯ ಸುತ್ತು ಉಳಿದಿತ್ತು, ಅಲ್ಲೇ ಕೂತು ಮುಗಿಸುತ್ತಿದ್ದೆ. ಅತ್ತಿಗೆಯ ದೊಡ್ಡವ್ವ ಬಂದು ನಿಂತು ನನ್ನ ಕೈಯನ್ನೇ ನೋಡಿದರು.

“ಕೂಸಿನ ತಲಿಗೆ ಹಾಕೂದನ್ನ ಎಡಗೈಲೆ ಹೆಣಿತೀ ಏನವಾ? ಯಾರ್ ಕಲಿಸ್ಯಾರ ನಿನಗ ಇದನ್ನ?”

ಎರಡು ಮಾರು ದೂರದಲ್ಲಿ ಕಾಕು ಗುಗ್ಗರಿ ಹಂಚುತ್ತಿದ್ದರು, ಬಲಗೈಯಲ್ಲಿ.

“ಯಾರೂ ಕಲಿಸಿಲ್ರಿ. ನಾನ ಕಲ್ತೀನಿ,” ಎಂದೆ.

ಕಾಕುವನ್ನು ಉಳಿಸಲು ಹಾಗೆಂದೆನೋ, ನನ್ನ ಮರ್ಯಾದೆ ಉಳಿಸಿಕೊಳ್ಳಲೋ... ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅವರು ತಲೆ ಎತ್ತದೆ ಗುಗ್ಗರಿ ಹಂಚುತ್ತಲೇ ಇದ್ದರು. ಕೊನೆಗೆ ಅತ್ತಿಗೆಯೇ ಕುಲಾವಿ ಇಸಿದುಕೊಂಡು ಕೂಸಿಗೆ ಹಾಕಿದಳು. ಸರಿಯಾಗಿ ಕೂತಿತು. ನನಗೆ ಸಂತೋಷವೇ ಆಗಲಿಲ್ಲ.

ಎಂಟು ದಿನ ಕಾಕುವಿನ ಮನೆಯ ಕಡೆ ಮುಖ ಹಾಕಲಿಲ್ಲ. ಒಂಬತ್ತನೆಯ ದಿನ ಅವ್ವ ಮಜ್ಜಿಗೆ ಕೊಟ್ಟು ಅಟ್ಟಿದಳು. ಕಾಕು ಬಾಗಿಲು ಪೂರಾ ತೆರೆದು ಹೊಸ್ತಿಲ ಬಳಿ ಕೂತು ಹೆಣೆಯುತ್ತಿದ್ದರು. ಬಲಗೈಯಲ್ಲಿ. ಸರಪಳಿ ತಂತಿಯಂತೆ ಬಿಗಿದಿತ್ತು. ಪ್ರತಿ ಸಾಲಿನ ಕೊನೆಯ ಕಣ್ಣು ಬಿಟ್ಟುಹೋಗಿ ಅಂಚು ಒಳಗೆ ಸರಿಯುತ್ತಿತ್ತು. ಮೂವತ್ತು ವರ್ಷ ಕಡ್ಡಿ ಹಿಡಿದವರ ಕೈಯಲ್ಲಿ ನನ್ನವೇ ತಪ್ಪುಗಳು. ಸಡ್ಲ ಬಿಡ್ರಿ ಕಾಕು ಎನ್ನಬೇಕೆಂದುಕೊಂಡು ಹತ್ತಿರ ಹೋಗಿ ಬಗ್ಗಿ ನೋಡಿದೆ.

ಅವರು ನಕ್ಕರು. “ಬಲಗೈಗೂ ಕಲಿಸಾಕತ್ತೀನಿ. ಮುಂದ ಯಾರರ ಕೇಳಿದ್ರ ನನ್ನ ಹೆಸರು ಹೇಳಾಕ ನಿನಗ ಅಂಜಿಕಿ ಆಗಬಾರ್ದು, ನೋಡು.”

ಅದು ಚುಚ್ಚು ಮಾತೋ, ಇದ್ದದ್ದನ್ನು ಇದ್ದಂತೆ ಹೇಳಿದರೋ... ಆ ನಗುವಿನಲ್ಲಿ ನನಗೇನೂ ತಿಳಿಯಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ಮಜ್ಜಿಗೆಯ ತಂಬಿಗೆ ಇಟ್ಟು ಬಂದುಬಿಟ್ಟೆ.

ನಾನೀಗ ಕುಷ್ಟಗಿಯಿಂದ ಕೊಪ್ಪಳದ ಕಚೇರಿಗೆ ದಿನಾ ಬಸ್ಸಿನಲ್ಲಿ ಓಡಾಡುವವಳು. ಕಾಕು ತೀರಿಕೊಂಡು ಎರಡು ವರ್ಷ. ಮಣ್ಣಿಗೂ ನನಗೆ ಹೋಗಲಾಗಲಿಲ್ಲ, ಅವ್ವ ಫೋನು ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಿನ್ನೆ ಬಸ್ಸಿನಲ್ಲಿ ಹೆಣೆಯುತ್ತ ಕೂತಿದ್ದಾಗ ಪಕ್ಕದ ಹೆಂಗಸು ಬಹಳ ಹೊತ್ತು ನೋಡಿ, ಎಡಗೈಯಲ್ಲಿ ಇಷ್ಟು ಛಲೋ ಹೆಣೆಯುವುದನ್ನು ಯಾರು ಕಲಿಸಿದರೆಂದು ಕೇಳಿದಳು.

ಈ ಸಲ ತಡವರಿಸಲಿಲ್ಲ. ನಮ್ಮ ಬಾಜೂಮನಿ ಕಾಕು ಕಲಿಸಿದ್ರು ಎಂದು, ಸುತ್ತ ನಾಲ್ಕು ಸೀಟಿಗೆ ಕೇಳುವಂತೆಯೇ ಹೇಳಿದೆ.

“ಏನ್ ಹೆಸರ್ರೀ ಅವರದು?”

ಬಾಯಿ ತೆರೆದೆ. ಹುಟ್ಟಿದಾಗಿನಿಂದ ಕಾಕು ಎಂದೇ ಕರೆದಿದ್ದೆ, ಅವ್ವನೂ ಫೋನಿನಲ್ಲಿ ಕಾಕು ಹೋದರು ಎಂದೇ ಹೇಳಿದ್ದಳು. ಅವರ ಹೆಸರು ನನಗೆ ಗೊತ್ತೇ ಇರಲಿಲ್ಲ.