ಗೋಣಿಯೊಳಗಿನ ಬಿಸಿ

ಗೋಣಿಯ ಅಡಿಯಲ್ಲಿ ಅರೆ ಒಣಗಿದ ಕಾಳುಮೆಣಸು ಉಂಟೆಂದು ನಾನು ತಮ್ಮನಿಗೆ ಹೇಳಲಿಲ್ಲ. ತೂಕ ಬರಲಿ ಎಂದು ಅದನ್ನು ತುಂಬಿದವಳು ನಾನೇ.

ಎಪ್ಪತ್ತರ ದಶಕದ ಕೊನೆ ಅದು. ಮೂಡಬಿದ್ರೆಯಲ್ಲಿ ಬಿ.ಕಾಂ. ಮುಗಿಸಿದ ಶೇಖರ ಬಂಟ್ವಾಳದ ಮೆಣಸಿನ ವ್ಯಾಪಾರಿಯೊಬ್ಬರಲ್ಲಿ ಖರೀದಿಯ ಕೆಲಸಕ್ಕೆ ಸೇರಿದ್ದ. ಮೊದಲ ಖರೀದಿಗೆ ಸಿದ್ಧಕಟ್ಟೆಯ ನನ್ನ ಮನೆಗೇ ಬಂದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಪಾಠ ಹೇಳಿದ: "ಅಡಿಯವರೆಗೆ ಕೈ ಹಾಕಿ ನೋಡಬೇಕು ಅಕ್ಕ. ಒಣಗಿದ ಮೆಣಸು ತಣ್ಣಗಿರ್ತದೆ. ಬಿಸಿ ತಾಗಿದರೆ ಒಳಗೆ ಹಸಿ ಉಂಟು ಅಂತ ಲೆಕ್ಕ."

"ಹಾಗಾದರೆ ನನ್ನದಕ್ಕೂ ಹಾಕು, ದೊಡ್ಡ ಸಾಹುಕಾರ," ಎಂದೆ.

"ಅಕ್ಕನ ಗೋಣಿಗಾ?" ಎಂದು ನಕ್ಕು ಅದರ ಬಾಯಿ ಹೊಲಿದ.

ಆ ಗೋಣಿಯ ಬೂಷ್ಟು ಗೋದಾಮಿನ ಉಳಿದ ಮೆಣಸಿಗೂ ಹಬ್ಬಿ ಅವನ ಕೆಲಸ ಹೋಯಿತು. ನನ್ನ ಹೆಸರನ್ನು ಅವನು ಹೇಳಲೇ ಇಲ್ಲವಂತೆ. ಬೊಂಬಾಯಿಗೆ ಹೋದವನು ಅಲ್ಲೇ ಜ್ವರದಲ್ಲಿ ತೀರಿಕೊಂಡ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ, ಚೆನ್ನಾಗಿ ಒಣಗಿಸಿ ತುಂಬಿಟ್ಟಿದ್ದ ಗೋಣಿಯೊಂದಕ್ಕೆ ಕೈ ಹಾಕಿದೆ. ಮೊಣಕೈಯವರೆಗೆ ತಣ್ಣಗಿತ್ತು. ಅಡಿಯಲ್ಲಿ ಬೆರಳಿಗೆ ಬಿಸಿ ತಾಗಿತು, ಜ್ವರ ಬಂದವರ ಅಂಗೈಯಂಥ ಬಿಸಿ. ಅದು ನನ್ನ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡಿತು. ನನ್ನ ಕೂಗಿಗೆ ಓಡಿಬಂದ ಗಂಡ ಗೋಣಿಯನ್ನು ಅಂಗಳಕ್ಕೆ ಸುರಿದರು. ಎಲ್ಲ ಕಾಳೂ ಒಣಗಿತ್ತು, ತಣ್ಣಗಿತ್ತು.

"ಎಲ್ಲಿ ಉಂಟು ಮಾರಾಯ್ತಿ ಬಿಸಿ?" ಎಂದರು.

ನನ್ನ ಬೆರಳುಗಳು ಮಾತ್ರ ಇನ್ನೂ ಬೆಚ್ಚಗಿದ್ದವು. ಅವರ ಎದುರೇ ಆ ರಾಶಿಯ ಪಕ್ಕ ಕುಳಿತು ಗಟ್ಟಿಯಾಗಿ ಹೇಳಿದೆ: "ಹಸಿ ಇತ್ತು ಶೇಖರ. ನನಗೆ ಗೊತ್ತಿತ್ತು. ತಪ್ಪಾಯ್ತು ತಮ್ಮ."