‘ಲೈನ್ ಬಿಟ್ಟಿದೆ’

ಎಪ್ಪತ್ತರ ದಶಕದಲ್ಲಿ ವಿಜಾಪುರದ ವಿದ್ಯುತ್ ಕೇಂದ್ರದಲ್ಲಿ ಲಾಗ್ ಬುಕ್ ಓದುವುದು ನನ್ನ ಕೆಲಸವಾಗಿತ್ತು. ತಿಕೋಟಾ, ಬಬಲೇಶ್ವರದ ಸಣ್ಣ ಕೇಂದ್ರಗಳ ಆಪರೇಟರುಗಳು ತಾಸಿಗೊಮ್ಮೆ ಬರೆದಿಟ್ಟದ್ದನ್ನು ತರಿಸಿ, ತಪ್ಪು ಹೆಕ್ಕಿ, ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಅವರ ಬಾಯಲ್ಲಿ ನನಗೆ ಒಳ್ಳೆಯ ಹೆಸರಿರಲಿಲ್ಲ. ಇರಲಿ, ಅವರ ಅಕ್ಷರ ಕಂಡರೆ ನನಗೂ ಆಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಒಂದು ಮಾತು ನನ್ನನ್ನು ಕಾಡತೊಡಗಿತು: ‘ಲೈನ್ ಬಿಟ್ಟಿದೆ.’ ತಿಕೋಟಾದವನು ಹಾಗೆ ಬರೆದ ಮೇಲೆ ಪಕ್ಕದ ಅಂಕಣದಲ್ಲಿ ಆಂಪಿಯರ್ ಏರುತ್ತಿತ್ತು. ಬಬಲೇಶ್ವರದವನು ಅದೇ ಮಾತು ಬರೆದರೆ ಆಂಪಿಯರ್ ಸೊನ್ನೆ. ಒಬ್ಬನಿಗೆ ಬಿಡುವುದೆಂದರೆ ಹೊಲಕ್ಕೆ ನೀರು ಬಿಟ್ಟಂತೆ ಕರೆಂಟು ಹರಿಸುವುದು. ಇನ್ನೊಬ್ಬನಿಗೆ ಕೈಬಿಡುವುದು, ಬಂದ್ ಮಾಡುವುದು. ಓದುತ್ತ ಓದುತ್ತ ನನಗೆ ಹೆದರಿಕೆ ಹುಟ್ಟಿತು.

ಎರಡೂ ಪುಸ್ತಕ ಹಿಡಿದುಕೊಂಡು ಸಾಹೇಬರ ಮುಂದೆ ನಿಂತೆ.

“ಅವರವರ ಊರಾಗ ಅವರವರಿಗೆ ತಿಳಿತೈತಲ್ಲ? ಮಸರಾಗ ಕಲ್ಲ ಹುಡುಕಬ್ಯಾಡ್ರಿ,” ಅಂದರು.

ಊರು ಬದಲಾದರೆ ಏನು ಗತಿ ಎಂದು ಕೇಳುವಷ್ಟರಲ್ಲಿ ಅವರು ಚಹಾಕ್ಕೆ ಎದ್ದಿದ್ದರು. ಸಿಟ್ಟು ನುಂಗಿಕೊಂಡು ಬಂದೆ.

ಮುಂದೆ ಸ್ವಲ್ಪ ದಿನಕ್ಕೆ ಬಬಲೇಶ್ವರದ ಆಪರೇಟರನ ಮನೆಯಲ್ಲಿ ಮದುವೆ ಬಂತು. ಅವನ ರಜೆಗೆ ತಿಕೋಟಾದವನನ್ನೇ ಕಳಿಸಿದರು. ಮುಂಜಾನೆ ಕಚೇರಿಗೆ ಬಂದಾಗ ನನಗೆ ಸುದ್ದಿ ತಿಳಿಯಿತು. ಅವತ್ತು ಅಲ್ಲಿ ಕಂಬದ ರಿಪೇರಿಯೂ ಇತ್ತು. ಫೋನಿಗೆ ಹಾರಿದೆ. ಆ ಕಡೆ ಎತ್ತಿದ್ದು ತಿಕೋಟಾದವನೇ.

“ಲೈನ್‌ಮನ್ ಎಲ್ಲಿ ಅದಾನ?”

“ರಿಪೇರಿಗೆ ಹೋಗ್ಯಾನ್ರಿ. ‘ಅಣ್ಣಾರ, ಲೈನ್ ಬಿಟ್ಟೀರೇನ್ರಿ?’ ಅಂತ ಕೇಳಿದ. ಹೌದು, ಬಿಟ್ಟೇನಿ ಅಂದೆ. ಸೈಕಲ್ ಹತ್ತಿ ಹೋದ.”

ಆ ಲೈನ್‌ಮನ್ ಬಬಲೇಶ್ವರದವನು, ಬಬಲೇಶ್ವರದ ಮಾತೇ ಅವನ ಮಾತು. ಪೇಟೆಗೆ ಬಂದಾಗಲೆಲ್ಲ ‘ಕೆಂಪು ಶಾಯಿ ಸಾಹೇಬ್ರಿಗೆ’ ಎಂದು ಚೇಷ್ಟೆ ಮಾಡಿ, ಹುರಿದ ಶೇಂಗಾ ನನ್ನ ಮೇಜಿನ ಮೇಲೆ ಸುರಿದು ಹೋಗುತ್ತಿದ್ದ. ನನ್ನನ್ನು ಕಂಡು ನಗುತ್ತಿದ್ದವನು ಅವನೊಬ್ಬನೇ.

‘ಬಿಡಬ್ಯಾಡ’ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅದು ಇವನಿಗೆ ಏನೆಂದು ಕೇಳಿಸೀತೋ ಎಂದು ತಡೆದೆ.

“ಹ್ಯಾಂಡಲ್ ಕೆಳಗ ಜಗ್ಗಲೇ! ಕರೆಂಟ್ ಬಂದ್ ಮಾಡು! ಅವ ಕಂಬದ ಮ್ಯಾಲ ಅದಾನ!”

ರಿಸೀವರ್ ಮೇಜಿಗೆ ಬಡಿದ ಸದ್ದು, ಆಮೇಲೆ ಅವನು ಓಡಿದ ಸದ್ದು. ನಾನು ಇದ್ದಬದ್ದ ದೇವರಿಗೆಲ್ಲ ಕೈಮುಗಿದೆ. ಅವನು ಮರಳಿ ಬಂದಾಗ ದನಿ ಸಣ್ಣಗಾಗಿತ್ತು.

“ಬಂದ್ ಆಗೇತ್ರಿ.”

“ಉಳಿಸಿದಿ ಯಪ್ಪಾ!” ಅಂದೆ.

“ನಾ ಜಗ್ಗಿಲ್ರಿ. ನಾ ಹೋಗೂದ್ರಾಗ ಹ್ಯಾಂಡಲ್ ತಾನಾಗೇ ಬಿದ್ದಿತ್ರಿ.”

ತಂತಿಗೆ ಏನಾದರೂ ತಗುಲಿದಾಗ ಅದು ಹಾಗೆ ಬೀಳುತ್ತದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಫೋನು ಹಿಡಿದುಕೊಂಡೇ ನಿಂತೆವು, ಬಿಡಲಿಲ್ಲ.